ಸಾಗರಗಳ ನಗರದಲ್ಲೊಂದು ಚಪ್ಪಟೆಹುಳು

ಹೈದರಾಬಾದಿನಲ್ಲಿ ಸಾಗರಗಳಿಗೆ ಕೊರತೆಯಿಲ್ಲ. ಹದಿನಾರನೆಯ ಶತಮಾನದ ಹುಸೇನ್ ಸಾಗರವಿದೆ, 1920ರಲ್ಲಿ ಮುಗಿದ ಉಸ್ಮಾನ್ ಸಾಗರವಿದೆ, 1927ರ ಹಿಮಾಯತ್ ಸಾಗರವಿದೆ. ಕೊನೆಯ ಎರಡರ ಹಿಂದೆ ಸರ್ ಎಂ. ವಿಶ್ವೇಶ್ವರಯ್ಯನವರ ಆಲೋಚನೆಯಿದೆ ಎಂಬುದನ್ನು ಇಲ್ಲಿನ ಕನ್ನಡಿಗರಾದ ನಾವು ಅವಕಾಶ ಸಿಕ್ಕಾಗಲೆಲ್ಲ ನೆನಪಿಸುತ್ತೇವೆ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ನಗರವನ್ನು ನುಂಗಿತು. ಮರುವರ್ಷ ನಿಜಾಮ್ ಸರ್ಕಾರ ಅವರನ್ನು ಕರೆಸಿಕೊಂಡಿತು. ನದಿಯ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಬೇಕೆಂದು ಅವರು ಸೂಚಿಸಿದರು. ಆದರೆ ಹೆಸರು ಏನೇ ಇರಲಿ, ಇವೆಲ್ಲವೂ ಸಿಹಿನೀರಿನ ಕೆರೆಗಳು. ಉಪ್ಪಿನ ಸಾಗರವೇ ಬೇಕೆಂದವನು ಬಾಪಟ್ಲದ ಕಡೆಗೋ ಮಚಲೀಪಟ್ಟಣದ ಕಡೆಗೋ ರಸ್ತೆಯಲ್ಲಿ ಮುನ್ನೂರು ಕಿಲೋಮೀಟರಿಗೂ ಮಿಕ್ಕಿ ಪಯಣಿಸಬೇಕು. ಇಲ್ಲವೇ ಮನೆಯಲ್ಲೇ ಒಂದನ್ನು ಮಾಡಿಕೊಳ್ಳಬೇಕು. ನಾನು ಎರಡನೆಯ ದಾರಿ ಹಿಡಿದವನು.

ಮೆಹದಿಪಟ್ಟಣಂನಲ್ಲಿ, ಪಿ.ವಿ. ನರಸಿಂಹರಾವ್ ಎಕ್ಸ್‌ಪ್ರೆಸ್ ವೇಯ ಕಂಬಗಳ ಸಂಖ್ಯೆಯನ್ನೇ ವಿಳಾಸವಾಗಿ ಹೇಳುವ ಒಂದು ಬೀದಿಯಲ್ಲಿ, ಮೂರನೆಯ ಮಹಡಿಯ ನಮ್ಮ ಮನೆಯ ನಡುಕೋಣೆಯಲ್ಲಿ ಆ ಸಮುದ್ರವಿದೆ. ಎರಡಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜಿನ ತೊಟ್ಟಿ; ಸುಮಾರು 120 ಲೀಟರ್. ನಲ್ಲಿಯ ನೀರನ್ನು ನೇರವಾಗಿ ಸುರಿಯುವಂತಿಲ್ಲ. ಅದನ್ನು ಆರ್‌ಓ ಯಂತ್ರದ ಮೂಲಕವೂ ಆಮೇಲೆ ರಾಳದ ಶೋಧಕದ ಮೂಲಕವೂ ಹಾಯಿಸಿ, ಕರಗಿದ ಲವಣ ಸೊನ್ನೆಗೆ ಬಂದ ಮೇಲೆ, ಲೀಟರಿಗೆ 35 ಗ್ರಾಮಿನ ಲೆಕ್ಕದಲ್ಲಿ ಸಾಗರದ ಲವಣಗಳ ಮಿಶ್ರಣವನ್ನು ಬೆರೆಸಬೇಕು. ನೀರಿನ ಉಷ್ಣತೆ 26 ಡಿಗ್ರಿಯ ಆಸುಪಾಸಿನಲ್ಲಿರಬೇಕು. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇರುವ ಊರಿನಲ್ಲಿ ಇದು ಸುಲಭದ ಮಾತಲ್ಲ. ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ಆದ್ದರಿಂದ ದಿನವೂ ಸಿಹಿನೀರನ್ನು ಮಾತ್ರ ಸೇರಿಸುತ್ತ ಹೋಗಬೇಕು. ಸಂಜೆ ಕಚೇರಿಯಿಂದ ಮರಳಿದ ಕೇಂದ್ರ ಸರ್ಕಾರಿ ನೌಕರನೊಬ್ಬ ಬಕೆಟ್ಟು ಹಿಡಿದು ಸಮುದ್ರಕ್ಕೆ ನದಿಯ ಕೆಲಸ ಮಾಡುವುದನ್ನು ನೆರೆಹೊರೆಯವರು ಈಗ ನೋಡಿ ಒಗ್ಗಿಕೊಂಡಿದ್ದಾರೆ.

ತೊಟ್ಟಿಯ ನಿವಾಸಿಗಳ ವಿಷಯದಲ್ಲಿ ಒಂದು ಮಾತು ಹೇಳಬೇಕು. 2001ರಲ್ಲಿ ನಮ್ಮ ಸರ್ಕಾರ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ದಿಬ್ಬ ಕಟ್ಟುವ ಎಲ್ಲ ಕಲ್ಲುಹವಳಗಳನ್ನೂ ಕಪ್ಪು ಹವಳ, ಬೆಂಕಿ ಹವಳ, ಕೊಳಲು ಹವಳ, ಕಡಲ ಬೀಸಣಿಗೆಗಳನ್ನೂ ಸೇರಿಸಿತು. ಎಂದರೆ ಕಾನೂನಿನ ಕಣ್ಣಿನಲ್ಲಿ ಅವು ಹುಲಿಯ ಸಾಲಿನಲ್ಲಿ ನಿಂತಿವೆ. ನನ್ನ ತೊಟ್ಟಿಯಲ್ಲಿರುವುದು ಆ ಪಟ್ಟಿಗೆ ಸೇರದ ಮೃದುಜೀವಿಗಳು: ನೀಲಿ ಮತ್ತು ಕೆಂಪು ಅಣಬೆ ಹವಳಗಳು, ಗುಂಡಿಗಳಂತೆ ಹರಡಿಕೊಳ್ಳುವ ಜೋವಾಂತಿಡ್‌ಗಳು, ಚರ್ಮದ ಹವಳದ ಒಂದು ಪೊದೆ. ಅವು ನೆಲೆಗೊಂಡಿರುವುದು ಸುಟ್ಟ ಸಿರಾಮಿಕ್ ಕಲ್ಲಿನ ಮೇಲೆ, ಸಮುದ್ರದಿಂದ ಕಿತ್ತು ತಂದ ಬಂಡೆಯ ಮೇಲಲ್ಲ. ಇವುಗಳ ನಡುವೆ ಒಂದು ಜೋಡಿ ಕ್ಲೌನ್ ಮೀನುಗಳಿವೆ. ಅವು ಹುಟ್ಟಿದ್ದೂ ತೊಟ್ಟಿಯಲ್ಲೇ. ಕ್ಲೌನ್ ಮೀನುಗಳನ್ನು ಮರಿಮಾಡಿಸುವ ವಿಧಾನವನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಸಿದ್ಧಪಡಿಸಿ ಬಹಳ ವರ್ಷಗಳಾದವು. ನಮ್ಮ ಜೋಡಿಗೆ ಈಗ ಒಂಬತ್ತು ವರ್ಷ.

ಕಾನೂನಿನ ಮಾತನ್ನು ಇಲ್ಲಿ ತಂದದ್ದಕ್ಕೆ ಕಾರಣವಿದೆ. ಈ ಹವ್ಯಾಸದ ಚರಿತ್ರೆಯಲ್ಲೇ ಒಂದು ನೋವಿದೆ. ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಎಡ್ಮಂಡ್ ಗಾಸ್ ಎಂಬ ವಿಮರ್ಶಕನ ಹೆಸರು ಗೊತ್ತಿರುತ್ತದೆ. ಅವನ ತಂದೆ ಫಿಲಿಪ್ ಹೆನ್ರಿ ಗಾಸ್ ಕಡಲ ಜೀವಿಗಳ ಅಭ್ಯಾಸಿ. ಆತ 1854ರಲ್ಲಿ ಪ್ರಕಟಿಸಿದ 'ದಿ ಅಕ್ವೇರಿಯಂ' ಎಂಬ ಪುಸ್ತಕ ಆ ಪದವನ್ನೂ ಆ ಹುಚ್ಚನ್ನೂ ಇಂಗ್ಲೆಂಡಿನ ಮನೆಮನೆಗೆ ಮುಟ್ಟಿಸಿತು. ಗಾಜಿನ ಪಾತ್ರೆಯಲ್ಲಿ ಸಸ್ಯವನ್ನೂ ಪ್ರಾಣಿಯನ್ನೂ ಸರಿಯಾದ ಪ್ರಮಾಣದಲ್ಲಿ ಇಟ್ಟರೆ ಒಂದರ ಉಸಿರು ಇನ್ನೊಂದಕ್ಕೆ ಆಧಾರವಾಗುತ್ತದೆ ಎಂಬ ಸಮತೋಲನದ ಕಲ್ಪನೆ ಆ ಕಾಲದ್ದು. ಆದರೆ ಮಗ 1907ರಲ್ಲಿ 'ಫಾದರ್ ಅಂಡ್ ಸನ್' ಎಂಬ ಆತ್ಮಕಥನ ಬರೆದಾಗ, ತಂದೆಯ ಪುಸ್ತಕಗಳನ್ನು ಓದಿ ಹೊರಟ ಸಂಗ್ರಾಹಕರ ಸೈನ್ಯ ಡೆವನ್ ತೀರದ ಬಂಡೆಗುಂಡಿಗಳನ್ನು ಹೇಗೆ ಬರಿದು ಮಾಡಿತೆಂಬುದನ್ನು ದುಃಖದಿಂದ ನೆನೆದ. ಪ್ರೀತಿಸಿದ್ದನ್ನು ಮನೆಗೆ ತಂದಿಟ್ಟುಕೊಳ್ಳುವ ಆಸೆಗೆ ಒಂದು ಬೆಲೆಯಿದೆ. ಆ ಬೆಲೆಯನ್ನು ಸಾಮಾನ್ಯವಾಗಿ ಕೊಡುವವನು ತಂದವನಲ್ಲ.

ಇಂಥ ತೊಟ್ಟಿಯಲ್ಲಿ ಕಳೆದ ವರ್ಷದ ಜುಲೈನಲ್ಲಿ ಕರೆಯದ ನೆಂಟರು ಕಾಣಿಸಿಕೊಂಡರು. ಅವರನ್ನು ಮೊದಲು ಕಂಡವರು ನನ್ನ ತಂದೆ. ಎಂಬತ್ತು ದಾಟಿದ ಅವರು ರಾಯಚೂರು ಜಿಲ್ಲೆಯ ಶಾಲೆಗಳಲ್ಲಿ ಕನ್ನಡ ಮೇಷ್ಟರಾಗಿ ನಿವೃತ್ತರಾದವರು. ತಾಯಿ ತೀರಿಕೊಂಡ ಮೇಲೆ ನಮ್ಮೊಡನೆ ಇದ್ದಾರೆ. ಮೊಣಕಾಲು ಅನುಮತಿಸುತ್ತಿದ್ದ ದಿನಗಳಲ್ಲಿ ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಕಾರ್ಯಕ್ರಮಗಳಿಗೆ ತಪ್ಪದೆ ಹೋಗುತ್ತಿದ್ದರು. ಈಗ ಮಹಡಿಯ ಮೆಟ್ಟಿಲು ಅವರನ್ನು ತಡೆದಿದೆ. ಮಧ್ಯಾಹ್ನವೆಲ್ಲ ತೊಟ್ಟಿಯ ಮುಂದಿನ ಕುರ್ಚಿಯಲ್ಲಿ ಕಳೆಯುತ್ತದೆ. "ಕಲ್ಲಿಗೆ ತುಕ್ಕು ಹಿಡಿದಿದೆ, ಆ ತುಕ್ಕು ನಡೆದಾಡುತ್ತಿದೆ" ಎಂದು ಅವರು ಒಂದು ಸಂಜೆ ವರದಿ ಮಾಡಿದರು. ಭೂತಗನ್ನಡಿ ಹಿಡಿದು ನೋಡಿದರೆ ಮೇಷ್ಟರ ವರ್ಣನೆಯಲ್ಲಿ ಒಂದಕ್ಷರವೂ ಹೆಚ್ಚಿರಲಿಲ್ಲ. ಮೂರು ನಾಲ್ಕು ಮಿಲಿಮೀಟರ್ ಉದ್ದದ, ಎಲೆಯಂತೆ ತೆಳ್ಳಗಿನ, ಹಿಂಬದಿಯಲ್ಲಿ ಮೂರು ಸೀಳುಗಳಿರುವ ತುಕ್ಕುಗೆಂಪಿನ ಜೀವಿಗಳು ಬೆಳಕು ಚೆನ್ನಾಗಿ ಬೀಳುವ, ನೀರಿನ ಸೆಳೆತ ಕಡಿಮೆ ಇರುವ ಕಡೆ ಗುಂಪುಗೂಡಿ ತೆವಳುತ್ತಿದ್ದವು.

ಹವಳ ಸಾಕುವವರು ಇದನ್ನು 'ಕೆಂಪು ಪ್ಲನೇರಿಯಾ' ಎನ್ನುತ್ತಾರೆ. ಶಾಸ್ತ್ರೀಯ ಹೆಸರು ಕನ್ವೊಲ್ಯುಟ್ರಿಲೋಬಾ ರೆಟ್ರೊಜೆಮ್ಮಾ. ಹೆಂಡೆಲ್‌ಬರ್ಗ್ ಮತ್ತು ಓಕೆಸನ್ ಎಂಬ ವಿಜ್ಞಾನಿಗಳು 1988ರಲ್ಲಿ ಇದಕ್ಕೆ ನಾಮಕರಣ ಮಾಡಿದರು. ಅವರಿಗೆ ಅದು ದೊರೆತದ್ದು ಸಮುದ್ರದಲ್ಲಲ್ಲ, ಅಕ್ವೇರಿಯಂನಲ್ಲಿ. ಈ ಕುಲದ ಇನ್ನೂ ಕೆಲವು ಪ್ರಭೇದಗಳ ಕಥೆಯೂ ಹೀಗೆಯೇ. ಹುಟ್ಟೂರಿನಲ್ಲಿ ಗುರುತಿಲ್ಲದೆ, ಹೊರನಾಡಿನಲ್ಲಿ ಹೆಸರು ಪಡೆದ ಜೀವಿ ಎಂದು ತಂದೆಯವರಿಗೆ ಹೇಳಿದಾಗ ಅವರು ನಕ್ಕರು. ವಿಚಿತ್ರವೆಂದರೆ ಎಲ್ಲರೂ ಚಪ್ಪಟೆಹುಳು ಎಂದು ಕರೆಯುವ ಇದು ನಿಜವಾದ ಚಪ್ಪಟೆಹುಳುವೂ ಅಲ್ಲ. ಇದು ಅಸೀಲ ಎಂಬ ಗುಂಪಿಗೆ ಸೇರಿದೆ. ಆ ಪದದ ಅರ್ಥವೇ ಒಳಪೊಳ್ಳಿಲ್ಲದ್ದು ಎಂದು. ಇದಕ್ಕೆ ಬಾಯಿಯುಂಟು, ಆದರೆ ಟೊಳ್ಳಾದ ಕರುಳಿಲ್ಲ. ನುಂಗಿದ ಆಹಾರ ಒಳಗಿನ ಜೀವಕೋಶಗಳ ರಾಶಿಯಲ್ಲೇ ಕರಗುತ್ತದೆ. 1999ರಲ್ಲಿ ಬಾರ್ಸಿಲೋನಾದ ಸಂಶೋಧಕರು ಜೀನುಗಳ ಹೋಲಿಕೆಯಿಂದ ಅಸೀಲಗಳನ್ನು ಚಪ್ಪಟೆಹುಳುಗಳ ವಂಶದಿಂದ ಬೇರೆ ಮಾಡಿದರು. ಎಡ ಬಲ ಎಂಬ ಎರಡು ಬದಿಗಳುಳ್ಳ ಪ್ರಾಣಿಗಳ ಮಹಾವಂಶದಲ್ಲಿ ಬಹಳ ಹಿಂದೆಯೇ ಕವಲೊಡೆದು ಹೋದ ಶಾಖೆ ಇದೆಂಬುದು ಅವರ ವಾದ. ಆ ಶಾಖೆ ನಿಖರವಾಗಿ ಎಲ್ಲಿ ಕೂಡುತ್ತದೆಂಬ ಚರ್ಚೆ ಮುಂದುವರಿದಿದೆ. ಪೀಡೆ ಎಂದು ನಾವು ಸೆಣಸುವ ಜೀವಿ ನಮ್ಮ ಅತಿ ದೂರದ ದಾಯಾದಿಯೆಂದಾಯಿತು.

ಅದರ ಬದುಕಿನ ಕ್ರಮ ಇನ್ನೂ ಸೋಜಿಗದ್ದು. ಈ ಹುಳುವಿನ ಮೈಯೊಳಗೆ ಹಸಿರು ಪಾಚಿಯ ಕಣಗಳು ವಾಸವಾಗಿವೆ. ಅವು ಬೆಳಕಿನಿಂದ ಆಹಾರ ತಯಾರಿಸಿ ಮನೆಯೊಡೆಯನಿಗೂ ಪಾಲು ಕೊಡುತ್ತವೆ. ಹುಳು ಬೆಳಕನ್ನು ಅರಸಿ ಹೋಗುವುದು ಆ ಕಾರಣಕ್ಕೆ. ಜೊತೆಗೆ ನೀರಿನಲ್ಲಿರುವ ಕೊಪಿಪಾಡ್‌ನಂಥ ಕಿರುಜೀವಿಗಳನ್ನೂ ಹಿಡಿದು ತಿನ್ನುತ್ತದೆ. ಅಂದರೆ ಹಗಲಿನಲ್ಲಿ ಬೆಳೆಗಾರ, ಬಿಡುವಿನಲ್ಲಿ ಬೇಟೆಗಾರ. ಸಂತಾನಕ್ಕಾಗಿ ಜೊತೆ ಹುಡುಕುವ ಗೋಜೂ ಇಲ್ಲ. ಹಿಂತುದಿಯಲ್ಲಿ ಮೊಗ್ಗೊಡೆದು ಮರಿ ಬೆಳೆಯುತ್ತದೆ. ಆ ಮರಿಯ ತಲೆ ತಾಯಿಯ ತಲೆಗೆ ವಿರುದ್ಧ ದಿಕ್ಕಿಗಿರುತ್ತದೆ. ರೆಟ್ರೊಜೆಮ್ಮಾ ಎಂಬ ಹೆಸರು ಬಂದದ್ದು ಇದರಿಂದಲೇ. ತಾಯಿ ಇತ್ತ ಎಳೆಯುತ್ತದೆ, ಮರಿ ಅತ್ತ ಎಳೆಯುತ್ತದೆ. ಕೊನೆಗೊಮ್ಮೆ ಕಳಚಿಕೊಂಡು ಇಬ್ಬರೂ ತಮ್ಮ ತಮ್ಮ ದಾರಿ ಹಿಡಿಯುತ್ತಾರೆ. ಬೆಳಕೂ ಆಹಾರವೂ ಇರುವವರೆಗೆ ಈ ಜಗ್ಗಾಟ ನಿಲ್ಲದು. ಒಂದೇ ಒಂದು ಹುಳು ತೊಟ್ಟಿ ಸೇರಿದರೂ ವಂಶಕ್ಕೆ ಸಾಕು. ನಮ್ಮಲ್ಲಿಗೆ ಬಂದದ್ದೂ ಹಾಗೆಯೇ ಇರಬೇಕು: ಹೊಸ ಅಣಬೆ ಹವಳವನ್ನು ಔಷಧಿಯ ನೀರಿನಲ್ಲಿ ಅದ್ದಿ, ತಿಂಗಳ ಕಾಲ ಬೇರೆ ತೊಟ್ಟಿಯಲ್ಲಿಟ್ಟು ಗಮನಿಸಿದ ಮೇಲೆಯೇ ಒಳಗೆ ಬಿಟ್ಟದ್ದು. ಕಲ್ಲಿನ ಸಂದೊಂದರಲ್ಲಿ ಸಾಸಿವೆಯಷ್ಟು ಜೀವ ಅಡಗಿ ಕುಳಿತರೆ ಯಾವ ಕಾವಲೂ ಅದನ್ನು ಕಾಣದು.

ಇವು ಹವಳವನ್ನು ಕಚ್ಚಿ ತಿನ್ನುವುದಿಲ್ಲ. ಅವುಗಳ ಅಪರಾಧ ಸಂಖ್ಯೆಯದು. ನೂರಾರು ಹುಳುಗಳು ಕಂಬಳಿಯಂತೆ ಹೊದ್ದುಕೊಂಡರೆ ಕೆಳಗಿನ ಹವಳಕ್ಕೆ ಬೆಳಕು ಸಿಗುವುದಿಲ್ಲ. ಅದು ಮುದುಡಿ ಸೊರಗುತ್ತದೆ. ನಿಜವಾಗಿ ಹವಳವನ್ನೇ ತಿನ್ನುವ ಚಪ್ಪಟೆಹುಳು ಬೇರೆಯಿದೆ. ಆಕ್ರೊಪೋರಾ ಎಂಬ ಕಲ್ಲುಹವಳದ ಮೇಲೆ ಬಾಳುವ ಅಮಕುಸಪ್ಲಾನಾ ಆಕ್ರೊಪೋರೇ ಎಂಬುದು ಅದು. ಜಗತ್ತಿನ ಹವಳ ಸಾಕಣೆದಾರರನ್ನು ವರ್ಷಗಟ್ಟಲೆ ಕಾಡಿದ ಅದಕ್ಕೆ ಶಾಸ್ತ್ರೀಯ ಹೆಸರು ದೊರೆತದ್ದು 2011ರಲ್ಲಿ. ಸಮುದ್ರದಲ್ಲಿ ಅದನ್ನು ಮೊದಲ ಬಾರಿ ಕಂಡ ವರದಿ ಬಂದದ್ದು ಮರುವರ್ಷ, ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್‌ನಿಂದ. ಗಾಜಿನೊಳಗೆ ಊರು ಹಾಳುಮಾಡುವಂಥದ್ದು ತವರಿನಲ್ಲಿ ಅಷ್ಟು ಕಾಲ ಯಾರ ಕಣ್ಣಿಗೂ ಬಿದ್ದಿರಲಿಲ್ಲ! ನಾನು ಇದನ್ನು ಬಹಳ ಯೋಚಿಸಿದ್ದೇನೆ. ಪೀಡೆ ಎಂಬುದು ಜೀವಿಯ ಗುಣವಲ್ಲ, ಸನ್ನಿವೇಶದ ಗುಣ. ತಿನ್ನುವವರಿಲ್ಲದ, ಕೊಚ್ಚಿಕೊಂಡು ಹೋಗುವ ಅಲೆಯಿಲ್ಲದ, ಊಟ ಮಾತ್ರ ತಪ್ಪದೆ ಬೀಳುವ ನೂರಿಪ್ಪತ್ತು ಲೀಟರಿನಲ್ಲಿ ಯಾವ ಸಾಧು ಜೀವಿಯೂ ಪೀಡೆಯಾಗಬಲ್ಲದು.

ಉಪಾಯಗಳನ್ನು ಹುಡುಕುವವನಿಗೆ ಮೊದಲು ಸಿಗುವ ಸಲಹೆ ಶತ್ರುವಿನ ಶತ್ರುವನ್ನು ತರುವುದು. ಆರು ಗೆರೆಯ ವ್ರಾಸ್ ಎಂಬ ಚುರುಕು ಮೀನು ಈ ಹುಳುಗಳನ್ನು ಹೆಕ್ಕುತ್ತದೆಂದು ಪ್ರತೀತಿ. ಕೆಲವು ಹೆಕ್ಕುತ್ತವೆ, ಕೆಲವು ಕಣ್ಣೆತ್ತಿಯೂ ನೋಡುವುದಿಲ್ಲ. ವಯಸ್ಸಾದಂತೆ ಜಗಳಗಂಟಿಯಾಗಿ ಚಿಕ್ಕ ತೊಟ್ಟಿಯ ಉಳಿದ ಮೀನುಗಳನ್ನು ಅಟ್ಟಾಡಿಸುವುದಂತೂ ಬಹುತೇಕ ಖಚಿತ. ಮ್ಯಾಂಡರಿನ್ ಮೀನು ನೋಡಲು ಇಳಕಲ್ ಸೀರೆಯ ಅಂಚಿನಂತೆ ಸುಂದರ. ಆದರೆ ಅದಕ್ಕೆ ದಿನವಿಡೀ ಕಿರುಜೀವಿಗಳು ಬೇಕು. ನಮ್ಮಂಥ ಸಣ್ಣ ತೊಟ್ಟಿಯಲ್ಲಿ ಅದು ಹಸಿವಿನಿಂದ ಸಾಯುತ್ತದೆ. ಮೂರನೆಯದು ಕೆಲಿಡೊನ್ಯೂರಾ ವೇರಿಯನ್ಸ್ ಎಂಬ ಕಡಲಗೊಂಡೆ. ಕಪ್ಪು ಮಖಮಲ್ಲಿನ ಮೈಮೇಲೆ ಹೊಳೆಯುವ ನೀಲಿ ಗೆರೆಗಳುಳ್ಳ ಈ ಜೀವಿ ಇಂಥ ಹುಳುಗಳನ್ನೇ ತಿಂದು ಬದುಕುತ್ತದೆ, ಬೇರೇನನ್ನೂ ಒಪ್ಪುವುದಿಲ್ಲ. ತಾನು ಕರೆಸಿಕೊಂಡ ಕೆಲಸವನ್ನು ಪೂರ್ತಿಯಾಗಿ ಮಾಡಿ ಮುಗಿಸಿದ ದಿನ ಅದಕ್ಕೆ ಊಟವಿಲ್ಲ. ಯಶಸ್ಸೇ ಮರಣದಂಡನೆಯಾಗುವ ಹುದ್ದೆಗೆ ಒಂದು ಜೀವವನ್ನು ನೇಮಿಸಿಕೊಳ್ಳಲು ಮನಸ್ಸು ಬರಲಿಲ್ಲ.

ಎರಡನೆಯ ಉಪಾಯ ಔಷಧಿ. ಸ್ಯಾಲಿಫರ್ಟ್ ಕಂಪನಿಯ 'ಫ್ಲಾಟ್‌ವರ್ಮ್ ಎಕ್ಸಿಟ್' ಇದಕ್ಕೆಂದೇ ತಯಾರಾದದ್ದು. ಲೆವಮಿಸೋಲ್ ಬಳಸುವವರೂ ಇದ್ದಾರೆ. ಈ ಎರಡನೆಯ ಹೆಸರು ಕೇಳಿದ ಕೂಡಲೇ ತಂದೆಯವರ ಮುಖ ಅರಳಿತು. ನಮ್ಮ ಕಡೆಯ ಕುರಿಗಾರರು ಜಂತುಹುಳುವಿಗೆ ಕುರಿಗಳ ಬಾಯಿಗೆ ಹೊಯ್ಯುವ ಮದ್ದುಗಳಲ್ಲಿ ಅದೂ ಒಂದು. ಜಂತುವಿನ ಸ್ನಾಯುಗಳು ಬಿಗಿದುಕೊಂಡು ಮತ್ತೆ ಸಡಿಲವಾಗದಂತೆ ಮಾಡುವುದು ಅದರ ಕೆಲಸ. ಆದರೆ ಕುರಿಯ ಹೊಟ್ಟೆಗೂ ಗಾಜಿನ ತೊಟ್ಟಿಗೂ ವ್ಯತ್ಯಾಸವಿದೆ. ಕುರಿಯ ಹೊಟ್ಟೆಯಲ್ಲಿ ಸತ್ತದ್ದು ಹೊರಗೆ ಹೋಗುತ್ತದೆ. ತೊಟ್ಟಿಯಲ್ಲಿ ಸತ್ತದ್ದು ಅಲ್ಲೇ ಉಳಿಯುತ್ತದೆ. ಈ ಕೆಂಪು ಹುಳುಗಳ ಮೈಯಲ್ಲಿ ವಿಷವಿದೆ. ಸಾಯುವಾಗ ಅದು ನೀರಿಗೆ ಇಳಿಯುತ್ತದೆ. ಬದುಕಿರುವ ಸಾವಿರ ಹುಳು ಮೀನಿಗೆ ಏನೂ ಮಾಡುವುದಿಲ್ಲ, ಒಮ್ಮೆಗೇ ಸತ್ತ ಸಾವಿರ ಹುಳು ಇಡೀ ತೊಟ್ಟಿಯನ್ನು ಮುಗಿಸಬಲ್ಲದು. ಔಷಧಿಯಿಂದ ಹುಳುಗಳೆಲ್ಲ ಸತ್ತು, ಅವುಗಳ ಹಿಂದೆಯೇ ಮೀನುಗಳೂ ಸತ್ತ ಕಥೆಗಳು ಹವ್ಯಾಸಿಗಳ ನಡುವೆ ಬಹಳ ಇವೆ. ಆದ್ದರಿಂದ ಅನುಭವಿಗಳು ಹೇಳುವ ಕ್ರಮ ಹೀಗಿದೆ: ಮೊದಲು ಕೈಯಿಂದ ಹುಳುಗಳ ಸಂಖ್ಯೆಯನ್ನು ತಗ್ಗಿಸು, ಆಮೇಲೆ ಅವು ಹೆಚ್ಚಲು ಕಾರಣವಾದ ಸಮೃದ್ಧಿಯನ್ನು ತಗ್ಗಿಸು, ಎಲ್ಲಕ್ಕೂ ಕೊನೆಯಲ್ಲಿ ಔಷಧಿ.

ಈ ಸಮೃದ್ಧಿಯ ವಿಷಯಕ್ಕೆ ಬಂದಾಗ ನನ್ನ ಕೆಲಸ ಕಠಿಣವಾಯಿತು. ಪರೀಕ್ಷೆ ಮಾಡಿದರೆ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 40 ಮಿಲಿಗ್ರಾಮಿನಷ್ಟಿತ್ತು. ತಿನ್ನದೆ ಉಳಿದ ಆಹಾರ ಕೊಳೆತು ಬರುವ ಫಲ ಅದು. ಮೀನುಗಳಿಗೆ ಊಟ ಹಾಕುವವರು ತಂದೆ. ಮಧ್ಯಾಹ್ನ ಮೂರಕ್ಕೆ ಒಮ್ಮೆ, ಕಾಫಿಯಾದ ಮೇಲೆ ಒಮ್ಮೆ. ಮೀನುಗಳು ಗಾಜಿನ ಬಳಿ ಬಂದು ಬೇಡಿದರೆ ಇನ್ನೊಮ್ಮೆ. ಕ್ಲೌನ್ ಮೀನುಗಳು ಬೇಡದ ಗಳಿಗೆಯೇ ಇಲ್ಲ. ಅವರ ಕೈ ಈಚೆಗೆ ನಡುಗುತ್ತದೆ. ಹತ್ತು ಕಾಳು ಹಾಕಬೇಕಾದಲ್ಲಿ ನಲವತ್ತು ಬೀಳುತ್ತವೆ. ನನಗೆ ಇದು ಗೊತ್ತಿಲ್ಲದ ಸಂಗತಿಯಾಗಿರಲಿಲ್ಲ. ವರ್ಷಗಟ್ಟಲೆ ಹೆಚ್ಚು ನೀರು ಬದಲಿಸಿ ಅದನ್ನು ಸರಿದೂಗಿಸುತ್ತ ಬಂದಿದ್ದೆ. ಏಕೆಂದರೆ ಈ ಮನೆಯಲ್ಲಿ ಅವರ ಪಾಲಿಗೆ ಉಳಿದಿರುವ ಒಂದೇ ಕೆಲಸ ಅದು. ಕೆಳಗಿನ ಅಂಗಡಿಗೆ ಹೋಗಲಾರರು, ರೈತು ಬಜಾರಿನ ಗದ್ದಲಕ್ಕೆ ಹೋಗಲಾರರು. ಬೀದಿಯ ತೆಲುಗು ಅವರಿಗೆ ಅರ್ಧ ತಿಳಿಯುತ್ತದೆ. ಬಾಲ್ಯದಲ್ಲಿ ಕಲಿತ ಉರ್ದುವಿನಲ್ಲಿ ಕಾವಲುಗಾರನೊಡನೆ ಕ್ಷೇಮ ವಿಚಾರಿಸುವುದನ್ನು ಬಿಟ್ಟರೆ, ಅವರ ಮಾತಿಗೆ ಎದುರು ನಿಂತು ಕಾಯುವ ಜೀವಗಳು ಆ ಎರಡು ಮೀನುಗಳೇ. ಹುಳುಗಳನ್ನು ಕಡಿಮೆ ಮಾಡಲು ಆ ಊಟವನ್ನು ಕಡಿಮೆ ಮಾಡಬೇಕು. ಅದನ್ನು ಹೇಳುವುದು ಹೇಗೆ?

ಎಂ.ಎ. ತರಗತಿಗಳಲ್ಲಿ ಕಲಿತ ಯಾವ ಅಲಂಕಾರವೂ ಅಂಥ ಹೊತ್ತಿನಲ್ಲಿ ಉಪಯೋಗಕ್ಕೆ ಬರುವುದಿಲ್ಲ. ನೈಟ್ರೇಟ್ ಪರೀಕ್ಷೆಯ ಗಾಜಿನ ನಳಿಕೆಯನ್ನು ಅವರ ಕೈಗೇ ಕೊಟ್ಟೆ, ಬಣ್ಣದ ಪಟ್ಟಿಯನ್ನು ಪಕ್ಕದಲ್ಲಿಟ್ಟೆ. ಅವರು ಬಹಳ ಹೊತ್ತು ಎರಡನ್ನೂ ಹೋಲಿಸಿ ನೋಡಿದರು. ಬಳಿಕ ನನ್ನನ್ನು ನೋಡದೆ, "ಹಾಗಾದರೆ ಇವುಗಳನ್ನು ಸಾಕಿದವನು ನಾನೇ ಅಂತಾಯಿತು" ಎಂದರು. ಸ್ವಲ್ಪ ಹೊತ್ತಾದ ಮೇಲೆ, "ಅವಕ್ಕೂ ಹಸಿವೆ ಇತ್ತಲ್ಲ" ಎಂದೂ ಸೇರಿಸಿದರು. ನಾನು ಉತ್ತರ ಕೊಡಲಿಲ್ಲ. ಮರುದಿನ ಅವರೇ ಒಂದು ಉಪಾಯ ಕಂಡುಕೊಂಡಿದ್ದರು. ಸೋಮವಾರದಿಂದ ಭಾನುವಾರದವರೆಗೆ ಏಳು ಖಾನೆಗಳಿರುವ ಅವರ ಮಾತ್ರೆಯ ಡಬ್ಬಿಯಂಥದ್ದೇ ಇನ್ನೊಂದನ್ನು ಔಷಧಿ ಅಂಗಡಿಯಿಂದ ತರಿಸಿದರು. ಭಾನುವಾರ ರಾತ್ರಿ ನಾನು ಒಂದೊಂದು ಖಾನೆಯಲ್ಲಿ ಎಣಿಸಿ ಇಟ್ಟಷ್ಟು ಕಾಳು ಮಾತ್ರ ಆ ದಿನಕ್ಕೆ. ಒಂದು ಡಬ್ಬಿ ಬಿಪಿಗೆ, ಇನ್ನೊಂದು ಮೀನಿಗೆ. ಹೊತ್ತು ತಪ್ಪಿಸದೆ ಎರಡನ್ನೂ ತೆರೆಯುವುದು ಅವರ ಹೊಣೆ. ಊಟದ ಪ್ರಮಾಣ ತಗ್ಗಿತು, ಊಟ ಹಾಕುವ ಅಧಿಕಾರ ಉಳಿಯಿತು.

ಸಂಖ್ಯೆ ತಗ್ಗಿಸುವ ಕೆಲಸ ನನ್ನದು. ತೆಳುವಾದ ಗಾಳಿನಳಿಕೆಯನ್ನು ಒಂದು ಬಿದಿರುಕಡ್ಡಿಗೆ ಕಟ್ಟಿಕೊಂಡು, ಇನ್ನೊಂದು ತುದಿಯನ್ನು ನೆಲದ ಮೇಲಿನ ಬಕೆಟ್ಟಿಗೆ ಇಳಿಬಿಟ್ಟು, ಒಂದೊಂದೇ ಹುಳುವನ್ನು ಹೀರಿ ತೆಗೆಯಬೇಕು. ಇದನ್ನು ಮಾಡಲಿರುವವರಿಗೆ ಎರಡು ಎಚ್ಚರಿಕೆ. ನೀರನ್ನು ಬಾಯಿಂದ ಎಳೆದು ಹರಿಸಕೂಡದು. ಜೋವಾಂತಿಡ್‌ಗಳ ಕೆಲವು ಬಗೆಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿದೆ, ಆದ್ದರಿಂದ ಕೈಗೆ ಗವಸೂ ಇರಲಿ. ಎರಡನೆಯದು, ಹುಳುವನ್ನು ಕಲ್ಲಿಗೆ ಉಜ್ಜಿ ಹರಿಯಬಾರದು; ತುಂಡಾದದ್ದು ಮತ್ತೆ ಬೆಳೆಯಬಲ್ಲದು. ಹೀರಿದ್ದು ಬಕೆಟ್ಟಿನಲ್ಲಿರುವ ಸಿಹಿನೀರಿಗೆ ಬಿದ್ದರೆ ಕ್ಷಣದಲ್ಲಿ ಸಾಯುತ್ತದೆ. ದೀಪ ಉರಿಯುವಾಗಲೇ ಅವು ಹೊರಗೆ ಬರುವುದರಿಂದ ತೊಟ್ಟಿಯ ದೀಪದ ಹೊತ್ತನ್ನು ರಾತ್ರಿ ಹತ್ತರವರೆಗೆ ಸರಿಸಿಕೊಂಡೆ. ಊಟವಾದ ಮೇಲೆ, ಹೊರಗೆ ಎಕ್ಸ್‌ಪ್ರೆಸ್ ವೇಯ ಸದ್ದು ಕಡಿಮೆಯಾಗುವ ಹೊತ್ತಿಗೆ, ಒಂದು ಗಂಟೆ ಈ ಕೆಲಸ. ದಿನಕ್ಕೆ ಎರಡು ಲೀಟರ್ ನೀರು ಹೋಗುತ್ತಿತ್ತು, ಅಷ್ಟೇ ಹೊಸ ಉಪ್ಪುನೀರು ಒಳಗೆ ಬರುತ್ತಿತ್ತು.

ಮೊದಲ ರಾತ್ರಿ ತಂದೆಯವರು ಒಂದು ನೋಟ್‌ಬುಕ್ಕು ತೆರೆದರು. ನಾನು ಹೀರಿದ್ದನ್ನು ಎಣಿಸಿ ಹೇಳುತ್ತಿದ್ದೆ, ಅವರು ಕನ್ನಡ ಅಂಕಿಗಳಲ್ಲಿ ದಿನಾಂಕದ ಎದುರು ಬರೆಯುತ್ತಿದ್ದರು. ಮೊದಲ ದಿನ 212. ಮರುದಿನ 190. ಮೂರನೆಯ ದಿನ 231 ಆದಾಗ ನಾನು ಬೇಸರಗೊಂಡೆ. ಹಾಜರಿ ಪುಸ್ತಕದೊಡನೆ ನಲವತ್ತು ವರ್ಷ ಬಾಳಿದ ಅವರು, "ಒಂದು ದಿನದ ಲೆಕ್ಕ ಲೆಕ್ಕವಲ್ಲ" ಎಂದರು. ನಾಲ್ಕನೆಯ ವಾರಕ್ಕೆ ನೂರರ ಒಳಗೆ ಬಂತು, ಆರನೆಯ ವಾರಕ್ಕೆ ಇಪ್ಪತ್ತರ ಆಸುಪಾಸು. ನೈಟ್ರೇಟ್ 10ಕ್ಕೆ ಇಳಿದಿತ್ತು. ಮಧ್ಯಾಹ್ನ ಎಲ್ಲೆಲ್ಲಿ ಹುಳುಗಳು ಕೂಡಿದ್ದವೆಂದು ಅವರು ತೊಟ್ಟಿಯ ನಕ್ಷೆ ಬರೆದಿಡುತ್ತಿದ್ದರು. ರಾತ್ರಿ ನಾನು ನೇರವಾಗಿ ಅಲ್ಲಿಗೇ ಹೋಗುತ್ತಿದ್ದೆ. ಹಲವು ವರ್ಷಗಳಲ್ಲಿ ನಾವಿಬ್ಬರೂ ದಿನವೂ ಒಂದು ಗಂಟೆ ಒಂದೇ ಕೆಲಸ ಮಾಡಿದ್ದು ಅದೇ ಮೊದಲು.

ಹುಳು ಹೀರುತ್ತ ಕುಳಿತ ಆ ರಾತ್ರಿಗಳಲ್ಲಿ ಕೋಲ್‌ರಿಜ್‌ನ ಮುದಿ ನಾವಿಕ ನೆನಪಾಗದಿರಲು ಸಾಧ್ಯವಿರಲಿಲ್ಲ. 1798ರಲ್ಲಿ ಪ್ರಕಟವಾದ ಆ ಕಥನಕವನದಲ್ಲಿ, ಆಲ್ಬಟ್ರಾಸ್ ಹಕ್ಕಿಯನ್ನು ಕೊಂದ ನಾವಿಕ ನಿಂತ ಸಮುದ್ರದ ಮೇಲೆ ತೆವಳುವ ಲೋಳೆಜೀವಿಗಳನ್ನು ಕಂಡು ಅಸಹ್ಯಪಡುತ್ತಾನೆ. ಕೊನೆಗೊಂದು ರಾತ್ರಿ ಬೆಳದಿಂಗಳಲ್ಲಿ ಹೊಳೆಯುವ ನೀರುಹಾವುಗಳನ್ನು ನೋಡಿ ತನಗರಿವಿಲ್ಲದೆ ಅವನ್ನು ಹರಸುತ್ತಾನೆ. ಆಗ ಅವನ ಕೊರಳಿಗೆ ಕಟ್ಟಿದ್ದ ಹಕ್ಕಿ ಕಳಚಿ ಬೀಳುತ್ತದೆ. ತರಗತಿಯಲ್ಲಿ ಅದನ್ನು ಓದುವಾಗ ಹರಕೆಯೇ ಕಥೆಯ ಕೊನೆ ಎನ್ನಿಸಿತ್ತು. ಭೂತಗನ್ನಡಿಯ ಕೆಳಗೆ ಈ ಹುಳುಗಳು ನಿಜಕ್ಕೂ ಚೆಲುವಾದವು. ತಾಮ್ರದ ತಗಡಿನಂಥ ಮೈ, ಅದರ ಮೇಲೆ ಬಿಳಿಯ ಚುಕ್ಕಿಗಳು, ಗಾಳಿಯಲ್ಲಿ ಬಟ್ಟೆ ತೇಲಿದಂಥ ಚಲನೆ. ಆದರೆ ನಾವಿಕನಿಗೆ ಇದ್ದದ್ದು ಅಪಾರ ಸಾಗರ. ಹರಸಿ ಮುಂದೆ ಸಾಗಬಹುದಿತ್ತು. ಗಾಜಿನ ಸಮುದ್ರವನ್ನು ಕಟ್ಟಿದವನಿಗೆ ಆ ಸ್ವಾತಂತ್ರ್ಯವಿಲ್ಲ. ಮೆಚ್ಚಿಕೊಂಡೂ ಅವನು ನಳಿಕೆ ಹಿಡಿಯಬೇಕು. ಅಲೆ ಮಾಡಬೇಕಾದದ್ದನ್ನು, ಮೀನಿನ ಹಿಂಡು ಮಾಡಬೇಕಾದದ್ದನ್ನು, ಆಳವಾದ ಕತ್ತಲು ಮಾಡಬೇಕಾದದ್ದನ್ನು ಅವನ ಎರಡು ಕೈಗಳೇ ಮಾಡಬೇಕು.

ಸೆಪ್ಟೆಂಬರಿನ ಒಂದು ಭಾನುವಾರ ಔಷಧಿ ಹಾಕಿದೆವು. ಹಿಂದಿನ ದಿನವೇ 60 ಲೀಟರ್ ಉಪ್ಪುನೀರು ಬೆರೆಸಿ, ಬೆಚ್ಚಗೆ ಮಾಡಿ ಇಟ್ಟಿದ್ದೆ. ಹೊಸ ಸಕ್ರಿಯ ಇದ್ದಿಲನ್ನು ತೊಳೆದು ಚೀಲದಲ್ಲಿ ಸಿದ್ಧವಾಗಿಟ್ಟಿದ್ದೆ. ಇದ್ದಿಲು ಮೊದಲೇ ಇದ್ದರೆ ಔಷಧಿಯನ್ನೇ ಹೀರುತ್ತದೆ; ತಡವಾಗಿ ಬಂದರೆ ವಿಷವನ್ನು ಹೀರಲು ಹೊತ್ತು ಮೀರಿರುತ್ತದೆ. ಔಷಧಿ ಬಿದ್ದ ಕೆಲವು ನಿಮಿಷಗಳಲ್ಲಿ ಹುಳುಗಳು ಸುರುಳಿಗೊಂಡು ಕಲ್ಲು ಬಿಟ್ಟು ತೇಲತೊಡಗಿದವು. ಇಪ್ಪತ್ತೋ ಮೂವತ್ತೋ ಉಳಿದಿವೆಯೆಂದು ನಾವು ಭಾವಿಸಿದ್ದಲ್ಲಿ ನೂರಕ್ಕೂ ಹೆಚ್ಚು ಸಂದುಗೊಂದುಗಳಿಂದ ಹೊರಬಂದವು. ನಾನು ಹೀರುತ್ತ ಹೋದೆ. ತಂದೆಯವರು ಗಾಜಿಗೆ ಮುಖ ಹಚ್ಚಿ ಮೀನುಗಳ ಕಿವಿರಿನ ಬಡಿತವನ್ನು ನೋಡುತ್ತಿದ್ದರು. ದೊಡ್ಡ ಹೆಣ್ಣುಮೀನು ಒಂದು ಮೂಲೆಯಲ್ಲಿ ನಿಂತು ಬೇಗ ಬೇಗ ಉಸಿರಾಡಿತು. ಆ ಮೂವತ್ತು ನಿಮಿಷ ಇಬ್ಬರೂ ಮಾತಾಡಲಿಲ್ಲ. ಬಳಿಕ ಅರ್ಧ ನೀರು ಹೊರಗೆ, ಹೊಸ ನೀರು ಒಳಗೆ, ಇದ್ದಿಲಿನ ಚೀಲ ಶೋಧಕದೊಳಗೆ. ಸಂಜೆ ಐದರ ಹೊತ್ತಿಗೆ ಹೆಣ್ಣುಮೀನು ಗಾಜಿನ ಬಳಿ ಬಂದು ಎಂದಿನಂತೆ ಬೇಡಿತು. ಅವರು ಭಾನುವಾರದ ಖಾನೆಯನ್ನು ತೆರೆದರು. ಅದರಲ್ಲಿದ್ದುದು ಎಂಟು ಕಾಳು, ಎಂಟನ್ನೂ ಒಂದೊಂದಾಗಿ ಹಾಕಿದರು. ವಾರ ಬಿಟ್ಟು ಎರಡನೆಯ ಸಲ ಔಷಧಿ ಹಾಕಿದಾಗ ತೇಲಿ ಬಂದದ್ದು ಆರು.

ಅಣಬೆ ಹವಳಗಳು ಮತ್ತೆ ಅರಳಿಕೊಂಡಿವೆ. ನೀರಿನ ನಳಿಕೆ ಈಗಲೂ ಬಿದಿರುಕಡ್ಡಿಗೆ ಕಟ್ಟಿಯೇ ಇದೆ. ರಾತ್ರಿ ಒಂಬತ್ತಕ್ಕೆ ತಂದೆ ಮಗ ಇಬ್ಬರೂ ಟಾರ್ಚು ಹಿಡಿದು ಕಲ್ಲುಗಳನ್ನು ತಪಾಸಣೆ ಮಾಡುತ್ತೇವೆ, ನೋಟ್‌ಬುಕ್ಕಿನಲ್ಲಿ ದಾಖಲೆ ಮುಂದುವರಿದಿದೆ. ಎರಡು ತಿಂಗಳಿಂದ ಒಂದೂ ಸಿಕ್ಕಿಲ್ಲವಲ್ಲ, ಸೊನ್ನೆ ಎಂದು ಬರೆಯಬಹುದಲ್ಲ ಎಂದು ನಾನೊಮ್ಮೆ ಹೇಳಿದೆ. ಮೇಷ್ಟರು ಒಪ್ಪಲಿಲ್ಲ. ಸೊನ್ನೆ ಎಂದರೆ ಇಲ್ಲವೆಂದು ಅರ್ಥ, ಅದನ್ನು ಹೇಳಲು ನಾವು ಯಾರು ಎಂಬುದು ಅವರ ತಕರಾರು. ದಿನಾಂಕದ ಎದುರು ಅವರು ದಿನವೂ ಬರೆಯುವುದು ಒಂದೇ ಪದ: ಕಾಣಲಿಲ್ಲ.